ವಿದ್ಯುತ್ತಿನ ಲೆಕ್ಕ

ಶಿರಗುಪ್ಪಿ ಹುಬ್ಬಳ್ಳಿ ತಾಲ್ಲೂಕಿನ ಒಂದು ಊರು, ಎರೆಮಣ್ಣಿನ ಸೀಮೆ. ಇಂತಹ ಊರುಗಳಲ್ಲಿ ಜೋಳ ಬೀಸುವ ಗಿರಣಿ ಆರಂಭವಾದೊಡನೆ, ತಂತಿಯ ಕೊನೆಯಲ್ಲಿರುವ ಮನೆಗಳ ದೀಪ ಮಂಕಾಗುವುದುಂಟು. ದೀಪ ಕೆಟ್ಟಿಲ್ಲ, ತಂತಿ ಹರಿದಿಲ್ಲ. ಆದರೂ ಬೆಳಕು ಕುಗ್ಗುತ್ತದೆ. ಇದರ ಕಾರಣವನ್ನು ಸರಳವಾದ ಲೆಕ್ಕದಿಂದಲೇ ತಿಳಿಯಬಹುದು.

ಎತ್ತರದ ತೊಟ್ಟಿಯ ನೀರು ಕೊಳವೆಯಲ್ಲಿ ಇಳಿಯುವಂತೆ, ವಿಭವಾಂತರವಿದ್ದಾಗ ತಂತಿಯಲ್ಲಿ ವಿದ್ಯುತ್ತು ಪ್ರವಹಿಸುತ್ತದೆ. ವಿಭವಾಂತರವನ್ನು ವೋಲ್ಟ್‌ಗಳಲ್ಲಿಯೂ ಪ್ರವಾಹವನ್ನು ಆಂಪಿಯರ್‌ಗಳಲ್ಲಿಯೂ ಅಳೆಯುವರು. ಕೊಳವೆ ಕಿರಿದಾದಷ್ಟೂ ಉದ್ದವಾದಷ್ಟೂ ನೀರಿಗೆ ತಡೆ ಹೆಚ್ಚು. ತಂತಿಯೂ ಹಾಗೆಯೇ. ಈ ತಡೆಯೇ ರೋಧ. ಉಷ್ಣತೆ ಬದಲಾಗದಿರುವಾಗ ಲೋಹದ ತಂತಿಯಲ್ಲಿನ ಪ್ರವಾಹವು ವಿಭವಾಂತರಕ್ಕೆ ಅನುಪಾತದಲ್ಲಿರುತ್ತದೆ ಎಂಬ ನಿಯಮವನ್ನು ಜರ್ಮನಿಯ ಉಪಾಧ್ಯಾಯ ಜಾರ್ಜ್ ಸೈಮನ್ ಓಮ್ 1827ರ ತನ್ನ ಗ್ರಂಥದಲ್ಲಿ ಪ್ರತಿಪಾದಿಸಿದನು. ಮೊದಲು ಅವನಿಗೆ ತಕ್ಕ ಮನ್ನಣೆ ದೊರೆಯಲಿಲ್ಲ. 1841ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಕಾಪ್ಲೆ ಪದಕವನ್ನಿತ್ತು ಅವನನ್ನು ಗೌರವಿಸಿತು. ರೋಧದ ಮಾನಕ್ಕೆ ಇಂದು ಅವನದೇ ಹೆಸರು.

ವಿಭವಾಂತರವನ್ನು ಪ್ರವಾಹದಿಂದ ಭಾಗಿಸಿದರೆ ರೋಧವೂ, ಅವೆರಡನ್ನು ಗುಣಿಸಿದರೆ ಸಾಮರ್ಥ್ಯವೂ ದೊರೆಯುತ್ತವೆ. 230 ವೋಲ್ಟ್‌ನಲ್ಲಿ 5 ಆಂಪಿಯರ್ ಎಳೆಯುವ ಇಸ್ತ್ರಿಪೆಟ್ಟಿಗೆಯನ್ನು ನೋಡೋಣ. ಅದರ ರೋಧ 230 ÷ 5 = 46 ಓಮ್; ಸಾಮರ್ಥ್ಯ 230 × 5 = 1150 ವ್ಯಾಟ್. ಸಾವಿರ ವ್ಯಾಟ್ ಒಂದು ಗಂಟೆ ಬಳಕೆಯಾದರೆ ಒಂದು ಯೂನಿಟ್. ಆದುದರಿಂದ ಈ ಪೆಟ್ಟಿಗೆ ಒಂದು ಗಂಟೆ ನಿರಂತರವಾಗಿ ಕಾದರೆ 1.15 ಯೂನಿಟ್ ಖರ್ಚಾಗುತ್ತದೆ.

ಈಗ ಮಂಕಾದ ದೀಪದ ವಿಷಯ. ಊರಿನ ತಂತಿಯ ರೋಧ 1 ಓಮ್ ಎಂದು ಭಾವಿಸಿರಿ. ಅದರಲ್ಲಿ 10 ಆಂಪಿಯರ್ ಹರಿದರೆ 10 ವೋಲ್ಟ್ ತಂತಿಯಲ್ಲಿಯೇ ಕಳೆದುಹೋಗುತ್ತದೆ. 100 ವ್ಯಾಟ್ ಶಾಖವಾಗಿ ವ್ಯರ್ಥವಾಗುತ್ತದೆ. ಗಿರಣಿ ಸೇರಿ ಪ್ರವಾಹ 20 ಆಂಪಿಯರ್‌ಗೆ ಏರಿದರೆ 20 ವೋಲ್ಟ್ ಇಳಿದು, ಕೊನೆಯ ಮನೆಗೆ 210 ವೋಲ್ಟ್ ಮಾತ್ರ ತಲಪುತ್ತದೆ. ನಷ್ಟವಾದರೋ ನಾಲ್ಕು ಪಟ್ಟಾಗಿ 400 ವ್ಯಾಟ್ ಆಗುತ್ತದೆ.

ಈ ನಷ್ಟವನ್ನು ತಗ್ಗಿಸುವ ಉಪಾಯವನ್ನು ಕನ್ನಡನಾಡು 1902ರಲ್ಲಿಯೇ ಕಂಡಿತು. ಆ ವರ್ಷ ಶಿವನಸಮುದ್ರದಲ್ಲಿ ಉತ್ಪಾದಿಸಿದ ವಿದ್ಯುತ್ತನ್ನು ಸುಮಾರು 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಮೂವತ್ತು ಸಾವಿರಕ್ಕೂ ಕಡಮೆಯಿಲ್ಲದ ವೋಲ್ಟ್‌ಗಳಲ್ಲಿ ಸಾಗಿಸಲಾಯಿತು. ವಿಭವಾಂತರವನ್ನು ಹತ್ತು ಪಟ್ಟು ಏರಿಸಿದರೆ ಅದೇ ಸಾಮರ್ಥ್ಯಕ್ಕೆ ಹತ್ತರಲ್ಲೊಂದು ಪಾಲು ಪ್ರವಾಹ ಸಾಕು. ತಂತಿಯಲ್ಲಿನ ನಷ್ಟ ನೂರರಲ್ಲೊಂದು ಪಾಲಿಗೆ ಇಳಿಯುತ್ತದೆ.

ಈ ಲೆಕ್ಕ ಜೀವರಕ್ಷಣೆಗೂ ಅಗತ್ಯ. ಒದ್ದೆಯಾದ ದೇಹದ ರೋಧ ಸುಮಾರು ಸಾವಿರ ಓಮ್‌ಗಳಿಗೆ ಇಳಿಯಬಹುದು. ಆಗ 230 ವೋಲ್ಟ್‌ನ ತಂತಿ ತಗಲಿದರೆ ದೇಹದಲ್ಲಿ ಹರಿಯುವ ಪ್ರವಾಹ 0.23 ಆಂಪಿಯರ್. ಅದರ ಅರ್ಧದಷ್ಟೇ ಹೃದಯದ ಬಡಿತವನ್ನು ಕೆಡಿಸಬಲ್ಲದು. ಹಾಗೆಯೇ, ಸುಟ್ಟ ಫ್ಯೂಸಿನ ಸ್ಥಾನದಲ್ಲಿ ದಪ್ಪ ತಂತಿಯನ್ನು ಕಟ್ಟಿದರೆ, ಮಿತಿಮೀರಿದ ಪ್ರವಾಹವು ತಡೆಯಿಲ್ಲದೆ ಹರಿದು ಗೋಡೆಯೊಳಗಿನ ತಂತಿಯನ್ನು ಕಾಯಿಸಿ, ಮನೆಗೇ ಬೆಂಕಿ ತಗುಲಿಸಬಹುದು. ಒದ್ದೆ ಕೈಯಿಂದ ಸ್ವಿಚ್ಚನ್ನು ಮುಟ್ಟಬಾರದೆಂದು ಹಿರಿಯರು ಹೇಳುವ ಮಾತಿನ ಹಿಂದೆ ಓಮನ ನಿಯಮವೇ ಇದೆ.