ಕಾದಂಬರಿಯನ್ನು ಹಾಡಿಸುವ ಬಗೆ

ಚೆನ್ನೈನ ತ್ರಿಪ್ಲಿಕೇನ್‌ನಲ್ಲಿ ಬದುಕಿದ ವೈ.ಮು. ಕೋದೈನಾಯಕಿ ಅಮ್ಮಾಳ್ (1901–1960) 115 ಕಾದಂಬರಿ ಬರೆದರು. ಒಳ್ಳೆಯ ಹಾಡುಗಾರ್ತಿಯೂ ಹೌದು. ಮೊದಲ ಕೃತಿ ‘ಇಂದಿರ ಮೋಹನ’ ನಾಟಕ. ಆಗಿನ್ನೂ ಅವರಿಗೆ ಬರೆಯಲು ಬರುತ್ತಿರಲಿಲ್ಲ, ಗೆಳತಿಗೆ ಹೇಳಿ ಬರೆಸಿದ್ದರು. ‘ರಾಜಮೋಹನ್’, ‘ಅನಾದೈ ಪೆಣ್’ 1937–38ರಲ್ಲೇ ಸಿನಿಮಾ ಆದವು. ‘ದಯಾನಿಧಿ’ 1966ರಲ್ಲಿ ‘ಚಿತ್ತಿ’ ಎಂಬ ಹೆಸರಲ್ಲಿ ತೆರೆಗೆ ಬಂತು. ಇಂಥ ಸಾಮಾಜಿಕ ಕಾದಂಬರಿಯನ್ನು ಇವತ್ತು ಗೀತನಾಟಕ ಮಾಡಹೊರಟರೆ ಕೆಲಸ ಹೇಗೆ ಸಾಗುತ್ತದೆ?

ಮೊದಲು ಕತ್ತರಿ ಬೇಕು. ನಿಮಿಷದಲ್ಲಿ ಆಡಿ ಮುಗಿಸುವ ಮಾತು ಹಾಡಿದರೆ ಎರಡು ಮೂರು ನಿಮಿಷ ನುಂಗುತ್ತದೆ. ಉಪಕಥೆ, ನೆಂಟರಿಷ್ಟರು ಸಲೀಸಾಗಿ ಹೋಗುತ್ತಾರೆ. ಜೀವ ಒಪ್ಪದಿರುವುದು ಉಪದೇಶ ಬಿಡಲಿಕ್ಕೆ. ಆ ಕಾಲದ ಲೇಖಕರು ಕಥೆ ನಿಲ್ಲಿಸಿ ಹೆಣ್ಣಿನ ಪಾಡಿನ ಬಗ್ಗೆ ಓದುಗರಿಗೆ ಬುದ್ಧಿ ಹೇಳುತ್ತಿದ್ದರು. ಅದಕ್ಕೆ ರಾಗ ಹಾಕಿದರೆ ಭಾಷಣದ ಕೈಗೆ ತಂಬೂರಿ ಕೊಟ್ಟಂತೆ. ನನ್ನ ಮಟ್ಟಿಗೆ ಅಷ್ಟೂ ಹೋಗಲಿ.

ಹಾಗಾದರೆ ನಿರೂಪಕರ ಕೆಲಸ ಯಾರದು? ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) 2010ರಲ್ಲಿ ಮೈಸೂರಿನ ರಂಗಾಯಣದಲ್ಲಿ ಸಿ. ಬಸವಲಿಂಗಯ್ಯನವರ ನಿರ್ದೇಶನದಲ್ಲಿ ರಾತ್ರಿಯಿಡೀ ನಡೆಯಿತು. ರಂಗರೂಪ ಕೆ.ವೈ. ನಾರಾಯಣಸ್ವಾಮಿಯವರದು, ಸಂಗೀತ ಹಂಸಲೇಖರದು. ಅದು ಪೂರ್ತಿ ಗೀತನಾಟಕವಲ್ಲ, ಆದರೆ ಕಥೆ ಹೇಳುವ ಹೊಣೆಯನ್ನು ಜೋಗಿಗಳ ಹಾಡಿಗೆ ಬಿಟ್ಟ ಉಪಾಯ ಇಲ್ಲಿಗೂ ಸಲ್ಲುತ್ತದೆ. ತ್ರಿಪ್ಲಿಕೇನ್ ಮನೆಗಳಲ್ಲಿ ಮದುವೆಯ ನಲಂಗು, ಊಂಜಲ್ ಹಾಡುವ ಹೆಂಗಸರೇ ಮೇಳವಾಗಬಹುದು. ಮದುಮಗಳನ್ನು ಛೇಡಿಸುತ್ತಲೇ ಅವರು ಗಂಡಿನ ವಯಸ್ಸು, ಕೊಟ್ಟ ದುಡ್ಡು ಎಲ್ಲವನ್ನೂ ಬಯಲು ಮಾಡುತ್ತಾರೆ. ಅಲ್ಲಿನ ಪಾರ್ಥಸಾರಥಿ ಗುಡಿಯ ದಿವ್ಯಪ್ರಬಂಧ ಪಠಣದ ಗೋಷ್ಠಿ, ವಾಲಾಜಾ ಮಸೀದಿಯ ಆಜಾನ್ ಸೇರಿಸುವ ಆಸೆ ಯಾರಿಗಾದರೂ ಆಗುತ್ತದೆ; ದೃಶ್ಯಕ್ಕೆ ಅದರಿಂದ ತಿರುವು ಸಿಗದಿದ್ದರೆ ಅದು ಬರೀ ಅಲಂಕಾರ.

ಮನೆಮಾತಿಗೆ ತಾಳ ಬೇಡ. ಉಗಾಭೋಗದ ಹಾಗೆ ರಾಗದಲ್ಲಿ ನುಡಿಯುತ್ತ ಹೋಗಲಿ. ಪಾತ್ರ ಒಂದು ನಿರ್ಧಾರಕ್ಕೆ ಬಂದಾಗ ಮಾತ್ರ ತಾಳ, ಪಲ್ಲವಿ. ಮೊದಲ ಅಂಕದಲ್ಲಿ ನಗುತ್ತ ಹಾಡಿದ ಪಲ್ಲವಿ ಕೊನೆಯ ಅಂಕದಲ್ಲಿ ವಿಳಂಬ ಕಾಲದಲ್ಲಿ ಮರಳಿದರೆ ನೂರು ಪುಟದ ವಿವರಣೆ ಉಳಿಯಿತು.

ಕಾಗದ ಬಂದಾಗ ಏನು ಮಾಡುವುದು? ಸಾಮಾಜಿಕ ಕಾದಂಬರಿಯಲ್ಲಿ ಅದಿಲ್ಲದೆ ನಡೆಯದು. ಫ್ರೆಂಚ್ ಲೇಖಕ ಕಿರಿಯ ಡ್ಯೂಮಾನ 1848ರ ಕಾದಂಬರಿ ಮೊದಲು ನಾಟಕವಾಗಿ, ಆಮೇಲೆ ವೆರ್ದಿಯ ‘ಲಾ ತ್ರಾವಿಯಾತಾ’ (1853) ಒಪೆರಾ ಆಯಿತು. ಅದರ ಕೊನೆಯ ಅಂಕದಲ್ಲಿ ಸಾವಿನಂಚಿನಲ್ಲಿರುವ ನಾಯಕಿ ವಿಯೊಲೆತ್ತಾ ಕಾಗದವನ್ನು ಹಾಡುವುದಿಲ್ಲ, ಓದುತ್ತಾಳೆ. ಹಿಂದೆ ಪಿಟೀಲಿನಲ್ಲಿ ಹಳೆಯ ಪ್ರೇಮದ ಧಾಟಿ. ಕಣ್ಣಿನ ಮುಂದಿರುವುದನ್ನು ಅವಳು ಓದುತ್ತಿದ್ದರೆ, ಮನಸ್ಸಿನಲ್ಲಿರುವುದನ್ನು ವಾದ್ಯ ಹೇಳುತ್ತದೆ.

ಪೂರ್ತಿ ವಾದ್ಯವೃಂದ ಕೂಡಿಸುವ ಮೊದಲು ಒಂದು ಹಾರ್ಮೋನಿಯಂ ಇಟ್ಟುಕೊಂಡು, ಕಾದಂಬರಿ ಓದಿಲ್ಲದ ನಾಲ್ಕು ಜನರೆದುರು ಹಾಡಿ ನೋಡಬೇಕು. ಯಾರು ಯಾರ ಮಗಳು ಎಂದು ಅವರು ಪಿಸುಗುಟ್ಟಿಕೊಂಡ ಜಾಗದಲ್ಲಿ ಹಾಡು ತೆಗೆದು ಮಾತು ಹಾಕಿ.