ಕಪ್ಪೆಯ ಮೈಮೇಲೆ ಅಣಬೆ! ಕಾರ್ಕಳದ ಫೋಟೋ ನೋಡಿ ತಜ್ಞರು ಗುರುತಿಸಿದ್ದು ಏನನ್ನು?

ಉಡುಪಿ: ಜೀವಂತ ಕಪ್ಪೆಯ ಮೈಮೇಲೆ ಅಣಬೆ ಬೆಳೆಯುತ್ತದೆಯೇ? ಕಾರ್ಕಳ ತಾಲೂಕಿನ ಮಾಳದಲ್ಲಿ 2023ರ ಜೂನ್ 19ರಂದು ಸೆರೆಸಿಕ್ಕ ಫೋಟೋ ವಿಜ್ಞಾನಿಗಳನ್ನೇ ಅಚ್ಚರಿಗೆ ದೂಡಿತ್ತು.

ಕುದುರೆಮುಖ ತಪ್ಪಲಿನ ಈ ಊರಿಗೆ ಡಬ್ಲ್ಯುಡಬ್ಲ್ಯುಎಫ್ ಇಂಡಿಯಾದ ಲೋಹಿತ್ ವೈ.ಟಿ. ಮತ್ತು ಸ್ನೇಹಿತರು ಕಪ್ಪೆ, ಹಾವುಗಳನ್ನು ನೋಡಲು ಹೋಗಿದ್ದರು. ರಸ್ತೆ ಬದಿಯ ಮಳೆನೀರಿನ ಹೊಂಡದಲ್ಲಿ ಸುಮಾರು 40 ಚಿನ್ನದ ಬೆನ್ನಿನ ಕಪ್ಪೆಗಳಿದ್ದವು. ಅವುಗಳಲ್ಲಿ ಒಂದರ ಪಕ್ಕೆಯಲ್ಲಿ ಪುಟ್ಟ ಅಣಬೆ ಮೊಳೆತಿತ್ತು!

ಫೋಟೋ ಹೇಳಿದ್ದೇನು?

ಆನ್‌ಲೈನ್‌ನಲ್ಲಿ ಹಾಕಿದ ಫೋಟೋ ನೋಡಿದ ಅಣಬೆ ತಜ್ಞರು, ಇದು 'ಮೈಸಿನಾ' ಕುಲದ ಬಾನೆಟ್ ಅಣಬೆ ಎಂದರು. ಸಪೂರ ಕಾಂಡ, ಗಂಟೆಯಾಕಾರದ ಪುಟ್ಟ ಟೋಪಿ ಈ ಕುಲದ ಸಾಮಾನ್ಯ ಲಕ್ಷಣ. ಆದರೆ ನಿಖರವಾಗಿ ಯಾವ ಪ್ರಭೇದ ಎನ್ನಲು ಬೀಜಕಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಬೇಕು, ಡಿಎನ್‌ಎ ಪರೀಕ್ಷೆಯೂ ಬೇಕಾಗಬಹುದು. ಕಪ್ಪೆಯನ್ನು ಹಿಡಿದಿರಲಿಲ್ಲ. ಹೀಗಾಗಿ ಗುರುತು ಕುಲದ ಹೆಸರಿಗೇ ನಿಂತಿತು.

ಅಚ್ಚರಿ ಏಕೆ?

ಮೈಸಿನಾ ಸಾಮಾನ್ಯವಾಗಿ ಕೊಳೆತ ಮರ, ತರಗೆಲೆಗಳ ಮೇಲೆ ಬದುಕುವ ಶಿಲೀಂಧ್ರ. ಜೀವಂತ ಕಪ್ಪೆಯ ಮೇಲೆ ಅಣಬೆ ಕಂಡ ಮೊದಲ ದಾಖಲೆ ಎಂದು ಇದು 2024ರ ಜನವರಿಯಲ್ಲಿ 'ರೆಪ್ಟೈಲ್ಸ್ ಆ್ಯಂಡ್ ಆಂಫಿಬಿಯನ್ಸ್' ನಿಯತಕಾಲಿಕದಲ್ಲಿ ಪ್ರಕಟವಾಯಿತು. ಜಗತ್ತಿನ ಹಲವೆಡೆ ಕಪ್ಪೆಗಳನ್ನು ಕೊಂದ ಕೈಟ್ರಿಡ್ ಶಿಲೀಂಧ್ರವೇ ಬೇರೆ. ಅದು ಅಣಬೆ ಬಿಡುವುದಿಲ್ಲ.

ನೀವು ಗಮನಿಸಬೇಕಾದ್ದು

ಮಳೆಗಾಲದಲ್ಲಿ ಕಾಡಿನ ಅಣಬೆ ಕಿತ್ತು ತರುವವರಿಗೂ ಇದರಲ್ಲಿ ಪಾಠವಿದೆ. ಹತ್ತಿರದಿಂದ ತೆಗೆದ ಫೋಟೋ ತಜ್ಞರಿಗೂ ಕುಲವನ್ನಷ್ಟೇ ತಿಳಿಸಿತು. ಹಾಗಿರುವಾಗ ಮೊಬೈಲ್ ಫೋಟೋ ನಂಬಿ ಅಣಬೆ ತಿನ್ನುವುದು ಜೀವಕ್ಕೇ ಅಪಾಯ.