ಸ್ಟೇರಿಂಗ್ ಲಟಗುಟ್ಟಿದಾಗ

“ಹಿಡ್ಕೊಂಡು ಅಲ್ಲಾಡಿಸಿ ನೋಡು. ತಿರುಗಿಸ್ಬೇಡ, ಬರೀ ಮೇಲೆ ಕೆಳಗೆ” ಎಂದರು ಭಾವ.

ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ಅಕ್ಕನ ಮನೆಗೆ ಅಂಟಿಕೊಂಡಿರುವ ಪುಟ್ಟ ಗ್ಯಾರೇಜು. ಅದರೊಳಗೆ 1969ರ ಟ್ರಯಂಫ್ ಸ್ಪಿಟ್‌ಫೈರ್. ಎರಡೇ ಸೀಟು, ಬಿಚ್ಚಿ ಮಡಚುವ ಬಟ್ಟೆಯ ಮಾಡು, ತಿಳಿಹಳದಿ ಬಣ್ಣ. ಕಂಪನಿಯವರು ಆ ಬಣ್ಣಕ್ಕೆ ಇಟ್ಟ ಹೆಸರು ‘ಜಾಸ್ಮಿನ್’; ನನ್ನ ಕಣ್ಣಿಗೆ ಅದು ಮಲ್ಲಿಗೆಗಿಂತ ಸಂಪಿಗೆಗೇ ಹತ್ತಿರ. ಸೀಟು ಎಷ್ಟು ತಗ್ಗಿನಲ್ಲಿದೆಯೆಂದರೆ, ಕೂತರೆ ಚಾಪೆಯ ಮೇಲೆ ಕಾಲು ನೀಡಿ ಕೂತ ಹಾಗಾಗುತ್ತದೆ. ಸ್ಟೇರಿಂಗನ್ನು ಎರಡೂ ಕೈಯಲ್ಲಿ ಹಿಡಿದು ಮೇಲಕ್ಕೆತ್ತಿದೆ. ಲಟಕ್ ಎಂದಿತು. ಕೆಳಕ್ಕೆ ಒತ್ತಿದೆ. ಮತ್ತೆ ಲಟಕ್. ಒಂದು ಕಡಲೆಕಾಳಿನಷ್ಟು ಆಟ.

“ಮೇಲಿನ ಬುಷ್ಷು ಹೋಗಿದೆ. ಕೆಳಗಿಂದೂ ಹೋಗಿರತ್ತೆ. ಎರಡೂ ಹಾಕ್ಬಿಡೋಣ ಇವತ್ತು.”

ಸ್ಟೇರಿಂಗಿನಲ್ಲಿ ಆಟ ಎಂದರೆ ಎರಡು ಬಗೆ. ಸ್ಟೇರಿಂಗ್ ಸ್ವಲ್ಪ ತಿರುಗಿದರೂ ಮುಂದಿನ ಗಾಲಿ ತಿರುಗದೆ ಸುಮ್ಮನಿದ್ದರೆ ಅದೊಂದು. ಅದರ ಮೂಲ ಕೆಳಗೆ, ಗಾಲಿ ತಿರುಗಿಸುವ ಭಾಗಗಳಲ್ಲಿರುತ್ತದೆ: ರ‍್ಯಾಕಿನ ಹಲ್ಲು, ಟೈರಾಡಿನ ತುದಿ, ನಡುವಿನ ರಬ್ಬರ್ ಕಪ್ಲಿಂಗ್. ಇಡೀ ಸ್ಟೇರಿಂಗೇ ತನ್ನ ಕೊಳವೆಯೊಳಗೆ ಸಡಿಲ ಹಲ್ಲಿನಂತೆ ಅಲುಗಾಡಿದರೆ ಅದು ಇನ್ನೊಂದು. ಇದು ಬುಷ್ಷಿನ ಸವೆತ. ಇವೆರಡರ ವ್ಯತ್ಯಾಸ ತಿಳಿಯದೆ ಚೆನ್ನಾಗಿರುವ ರ‍್ಯಾಕನ್ನು ಬಿಚ್ಚಿ ಬದಲಿಸಿ, ಖರ್ಚಾದ ಮೇಲೂ ಅದೇ ಲಟಲಟ ಕೇಳಿಸಿಕೊಂಡವರಿದ್ದಾರೆ. ಆದ್ದರಿಂದ ಈ ಕೆಲಸದ ಮೊದಲ ಉಪಕರಣ ಸ್ಪ್ಯಾನರ್ ಅಲ್ಲ, ಕೈ. ಭಾವ ಕಾರಿನ ಯಾವ ತೊಂದರೆಗೂ ಮೊದಲು ಕೈ ಇಟ್ಟು, ಕಣ್ಣು ಮುಚ್ಚಿ ಕೂರುತ್ತಾರೆ. ಅಕ್ಕನಿಗೆ ಅದು ಧ್ಯಾನದಂತೆ ಕಾಣುತ್ತದಂತೆ. ನನಗೆ ನಾಡಿ ನೋಡುವ ಪಂಡಿತರ ನೆನಪಾಯಿತು.

ಒಳಗಿನ ರಚನೆ ಸರಳ. ಡ್ಯಾಶ್‌ಬೋರ್ಡಿನ ಕೆಳಗೆ ಓರೆಯಾಗಿ ಕೂತ ಉಕ್ಕಿನ ಕೊಳವೆ. ಅದರೊಳಗೆ ಸ್ಟೇರಿಂಗಿನ ದಂಡ. ದಂಡಕ್ಕೂ ಕೊಳವೆಗೂ ನಡುವೆ ಮೇಲೊಂದು, ಕೆಳಗೊಂದು ಬುಷ್. ಬಾಲ್ ಬೇರಿಂಗ್ ಅಲ್ಲ. ಹೊರಗೆ ರಬ್ಬರು, ಒಳಗೆ ದಂಡ ನುಣ್ಣಗೆ ತಿರುಗಲು ಪ್ಲಾಸ್ಟಿಕ್ಕಿನ ಬಳೆ, ಅಷ್ಟೆ. ಎತ್ತಿನ ಗಾಡಿಯ ಅಚ್ಚಿಗೂ ಗಾಲಿಗೂ ನಡುವೆ ಕೀಲೆಣ್ಣೆ ಮಾಡುವ ಕೆಲಸವನ್ನು ಆ ಬಳೆ ಇಲ್ಲಿ ಮಾಡುತ್ತದೆ, ಹೊರಗಿನ ರಬ್ಬರು ರಸ್ತೆಯ ನಡುಕವನ್ನು ತಾನೇ ನುಂಗಿಕೊಂಡು ಕೈಗೆ ಮುಟ್ಟದಂತೆ ನೋಡಿಕೊಳ್ಳುತ್ತದೆ. ಮೇಲಿನ ಬುಷ್ಷಿಗೆ ಕಷ್ಟ ಹೆಚ್ಚು. ಇಷ್ಟು ತಗ್ಗಿನ ಸೀಟಿನಿಂದ ಏಳುವವರು ಕೈಗೆ ಸಿಗುವ ಸ್ಟೇರಿಂಗನ್ನೇ ಹಿಡಿದು ಮೈಭಾರ ಹಾಕಿ ಏಳುತ್ತಾರೆ. ಐವತ್ತು ವರ್ಷ ಹಾಗೆ ಎದ್ದರೆ ಯಾವ ಬುಷ್ ಉಳಿದೀತು? ಕೆಳಗಿನದು ಎಂಜಿನ್ನಿನ ಕಾವಿಗೆ ಒಣಗಿ ಬಿರಿಯುತ್ತದೆ.

ಈ ಕಾರು ಹುಟ್ಟಿದ್ದು ಇದೇ ಊರಿನಲ್ಲಿ. ಅಕ್ಕನ ಮನೆಯಿಂದ ಅಷ್ಟೇನೂ ದೂರವಿಲ್ಲದ ಕ್ಯಾನ್ಲಿಯಲ್ಲಿ ಸ್ಟ್ಯಾಂಡರ್ಡ್-ಟ್ರಯಂಫ್ ಕಾರ್ಖಾನೆ ಇತ್ತು. ಇಟಲಿಯ ಟ್ಯುರಿನ್ನಿನ ಜೊವಾನಿ ಮಿಕೆಲೋಟ್ಟಿ ಇದರ ಆಕಾರ ಬರೆದವರು. ಕಂಪನಿಗೆ ಹಣದ ಮುಗ್ಗಟ್ಟು ಬಂದು ಮಾದರಿ ಕಾರು ಮೂಲೆ ಸೇರಿತ್ತು. 1961ರಲ್ಲಿ ಲೇಲ್ಯಾಂಡ್‌ನವರು ಕಂಪನಿಯನ್ನು ಕೊಂಡ ಮೇಲೆ ಧೂಳು ಮುಸುಕಿನ ಕೆಳಗೆ ಅದು ಅವರ ಕಣ್ಣಿಗೆ ಬಿತ್ತು. 1962ರಲ್ಲಿ ಮಾರುಕಟ್ಟೆಗೆ ಬಂದು 1980ರವರೆಗೆ ಮೂರು ಲಕ್ಷಕ್ಕೂ ಹೆಚ್ಚು ಕಾರುಗಳಾಗಿ ಹೊರಬಿತ್ತು. ಕಾರ್ಖಾನೆ ಈಗಿಲ್ಲ. ಆ ಜಾಗದಲ್ಲಿ ಕಚೇರಿ, ಗೋದಾಮುಗಳೆದ್ದಿವೆ. ಅಲ್ಲಿನ ಒಂದು ರಸ್ತೆಗೆ ಹೆರಾಲ್ಡ್ ಅವೆನ್ಯೂ ಎಂಬ ಹೆಸರು ಮಾತ್ರ ಉಳಿದಿದೆ.

ಹೆರಾಲ್ಡ್ ಎಂದರೆ ನಮ್ಮ ಕಡೆಯ ಹಿರಿಯರಿಗೆ ಪರಿಚಯ ಹೇಳಬೇಕಿಲ್ಲ. 1959ರಲ್ಲಿ ಇಲ್ಲಿ ಬಂದ ಟ್ರಯಂಫ್ ಹೆರಾಲ್ಡ್, ಮದರಾಸಿನಲ್ಲಿ ಸ್ಟ್ಯಾಂಡರ್ಡ್ ಹೆರಾಲ್ಡ್ ಆಗಿ ತಯಾರಾಗಿ ಕರ್ನಾಟಕದ ಊರೂರಲ್ಲೂ ಓಡಾಡಿತು. ನಾಲ್ಕು ಬಾಗಿಲಿನ ಹೆರಾಲ್ಡ್ ಭಾರತದಲ್ಲಿ ಮಾತ್ರ ಆಯಿತು, ಇಂಗ್ಲೆಂಡಿನವರು ಅದನ್ನು ಮಾಡಲೇ ಇಲ್ಲ. ಸ್ಪಿಟ್‌ಫೈರ್ ಈ ಹೆರಾಲ್ಡಿನ ತಮ್ಮ: ಅದರದೇ ಚಾಸಿಸ್ಸನ್ನು ಗಿಡ್ಡ ಮಾಡಿ, ಅದರದೇ ಮುಂದಿನ ಸಸ್ಪೆನ್ಷನ್ನು, ಸ್ಟೇರಿಂಗಿನ ಏರ್ಪಾಡು ಇಟ್ಟು ಕಟ್ಟಿದ್ದು. ಎರಡೂ ಸುಮಾರು 24-25 ಅಡಿ ಅಗಲದ ಜಾಗದಲ್ಲಿ ಒಂದೇ ಸುತ್ತಿಗೆ ತಿರುಗಿಬಿಡುತ್ತವೆ. ಬಾನೆಟ್ ಎತ್ತಿದರೆ ಮಡ್‌ಗಾರ್ಡ್, ದೀಪ ಎಲ್ಲ ಸೇರಿ ಇಡೀ ಮುಂಭಾಗವೇ ಮುಂದಕ್ಕೆ ಮಗುಚಿಕೊಳ್ಳುತ್ತದೆ, ಗಾಲಿಯ ಮೇಲೆ ಕೂತೇ ಕೆಲಸ ಮಾಡಬಹುದು. ಮೆಕ್ಯಾನಿಕ್‌ನ ಬೆನ್ನಿನ ಬಗ್ಗೆ ಇಷ್ಟು ಕರುಣೆ ತೋರಿದ ಕಾರನ್ನು ನಾನು ಬೇರೆ ಕಂಡಿಲ್ಲ.

ಹಾಸನದಲ್ಲಿ ಅಪ್ಪನ ಹತ್ತಿರವೂ ಒಂದು ಹೆರಾಲ್ಡ್ ಇತ್ತು. ಹದಿನೈದು ವರ್ಷ ಓಡಿದ ಮೇಲೆ ಅದರ ಸ್ಟೇರಿಂಗೂ ಹೀಗೇ ಲಟಗುಟ್ಟುತ್ತಿತ್ತು. ಬುಷ್ ಸಿಗದ ಕಾಲ. ಮೇಸ್ತ್ರಿ ಸೈಕಲ್ ಟ್ಯೂಬಿನಿಂದ ಒಂದು ಪಟ್ಟಿ ಕತ್ತರಿಸಿ, ದಂಡಕ್ಕೆ ಸುತ್ತಿ, ಗ್ರೀಸ್ ಹಚ್ಚಿ ಒಳಗೆ ತುರುಕಿದ್ದರು. ಮಳೆಗಾಲ ಕಳೆಯುವ ತನಕ ಚೆನ್ನಾಗಿತ್ತು. ಆಮೇಲೆ ರಬ್ಬರು ಉಬ್ಬಿ ಸ್ಟೇರಿಂಗ್ ಬಿಗಿಯಾಯಿತು. ತಿರುವಿನಲ್ಲಿ ತಿರುಗಿಸಿ ಕೈಬಿಟ್ಟರೆ ತಾನಾಗಿ ವಾಪಸು ಬರುತ್ತಿರಲಿಲ್ಲ. ಈ ಕಥೆ ಹೇಳಿದಾಗ ಭಾವ ತಲೆದೂಗಿದರು. “ಮಾಮೂಲಿ ಗ್ರೀಸು ರಬ್ಬರಿಗೆ ಆಗಲ್ಲ ಕಣಯ್ಯ. ಕುಡಿದು ಊದ್ಕೊಳತ್ತೆ. ಸಿಲಿಕೋನ್ ಗ್ರೀಸೇ ಹಾಕ್ಬೇಕು.” ನಲವತ್ತು ವರ್ಷದ ಹಿಂದಿನ ಒಂದು ತೊಡಕು ಅಲ್ಲಿ ಬಿಡಿಸಿಕೊಂಡಿತು.

ಕೆಲಸ ಶುರುವಾಯಿತು. ಮೊದಲು ಬ್ಯಾಟರಿಯ ವೈರು ತೆಗೆದಿಟ್ಟರು. ಮುಂದಿನ ಗಾಲಿಗಳನ್ನು ನೇರ ನಿಲ್ಲಿಸಿದರು. ಇಂಡಿಕೇಟರ್, ದೀಪದ ಸ್ವಿಚ್ಚುಗಳ ವೈರುಗಳಿಗೆ ಒಂದೊಂದು ಚೀಟಿ ಅಂಟಿಸಿ ಕಳಚಿದರು. ಕಪ್ಲಿಂಗಿನ ಮೇಲೂ ದಂಡದ ಮೇಲೂ ಬಿಳಿ ಬಣ್ಣದ ಒಂದೊಂದು ಚುಕ್ಕೆ ಇಟ್ಟರು. ವಾಪಸು ಜೋಡಿಸುವಾಗ ಒಂದು ಹಲ್ಲು ಆಚೀಚೆಯಾದರೆ ನೇರ ರಸ್ತೆಯಲ್ಲೂ ಸ್ಟೇರಿಂಗ್ ಓರೆ ನಿಲ್ಲುತ್ತದೆ.

ನಡುವೆ ಸಿಗುವ ಕ್ಲಾಂಪಿನ ಬಳಿ ಭಾವ ಕೈ ನಿಲ್ಲಿಸಿ, ಟಾರ್ಚು ಹತ್ತಿರ ತರಲು ಹೇಳಿದರು. ಈ ಕಾರಿನಲ್ಲಿ ಸ್ಟೇರಿಂಗಿನ ದಂಡ ಒಂದೇ ತುಂಡಲ್ಲ. ಎರಡು ಭಾಗ, ಒಂದು ಇನ್ನೊಂದರೊಳಗೆ ಜಾರುವಂಥದ್ದು. ಎರಡನ್ನೂ ಹಿಡಿದಿಡುವುದು ಈ ಕ್ಲಾಂಪು, ಅದರಲ್ಲೊಂದು ಅಲೆನ್ ಸ್ಕ್ರೂ, ಮೇಲೊಂದು ಲಾಕ್‌ನಟ್. ಎದುರಿನಿಂದ ಗುದ್ದಿದರೆ ಕ್ಲಾಂಪು ಜಾರಿ ದಂಡ ಒಳಕ್ಕೆ ಸರಿಯಬೇಕು, ಚಾಲಕನ ಎದೆಗೆ ನಾಟಬಾರದು. ಆ ಕಾಲದ ಬಹಳಷ್ಟು ಕಾರುಗಳಲ್ಲಿ ಸ್ಟೇರಿಂಗಿನ ದಂಡವೆಂದರೆ ಎದೆಗೆ ಗುರಿಯಿಟ್ಟ ಈಟಿಯೇ. ಹೊಡೆತಕ್ಕೆ ಕುಸಿಯುವ ಸ್ಟೇರಿಂಗನ್ನು ಅಮೆರಿಕ ಕಾನೂನಿನಿಂದ ಕಡ್ಡಾಯ ಮಾಡಿದ್ದು 1968ರಲ್ಲಿ. ಅದಕ್ಕೂ ಎಷ್ಟೋ ಮೊದಲೇ, ಹೆರಾಲ್ಡಿನ ಕಾಲದಿಂದಲೇ, ಒಂದು ಅಗ್ಗದ ಕಾರಿನಲ್ಲಿ ಈ ಯೋಚನೆ ಇತ್ತೆಂಬುದು ನನಗೆ ದೊಡ್ಡ ವಿಷಯವಾಗಿ ಕಂಡಿತು. ಸುತ್ತಿಗೆ ಹಿಡಿದು ಸ್ಟೇರಿಂಗಿನ ನೆತ್ತಿಗೆ ಬಡಿಯಬಾರದು ಎಂದು ಬಲ್ಲವರು ಹೇಳುವುದಕ್ಕೂ ಇದೇ ಕಾರಣ. ಜಾರಲೆಂದೇ ಮಾಡಿದ ದಂಡ ಬಡಿದರೆ ಜಾರಿಯೇ ಜಾರುತ್ತದೆ.

ಲಾಕ್‌ನಟ್ ಸಡಿಲಿಸಿ, ಅಲೆನ್ ಸ್ಕ್ರೂ ತಿರುಗಿಸಿದ ಮೇಲೆ ಸ್ಟೇರಿಂಗ್ ಸಮೇತ ಮೇಲಿನ ದಂಡ ಸೀಟಿನ ಕಡೆಗೆ ಎಳೆದಂತೆ ಬಂತು. ಬ್ರಾಕೆಟ್ಟುಗಳನ್ನು ಬಿಚ್ಚಿ ಕೊಳವೆಯನ್ನೂ ಮೇಜಿನ ಮೇಲೆ ಮಲಗಿಸಿದರು. ಹಳೆಯ ಬುಷ್ಷಿನ ರಬ್ಬರು ಒಣಗಿದ ಹುಣಸೆಹಣ್ಣಿನಂತೆ ಗಟ್ಟಿಯಾಗಿತ್ತು, ಚಿಮಟದಲ್ಲಿ ಹಿಡಿದರೆ ಪುಡಿಪುಡಿ. ಒಳಗಿನ ಬಳೆ ಒಂದು ಕಡೆ ಮಾತ್ರ ತೆಳುವಾಗಿ ಸವೆದು ಬಾಲಚಂದ್ರನ ಆಕಾರಕ್ಕೆ ಬಂದಿತ್ತು. ಭಾವ ಅದನ್ನು ಅಂಗೈಯಲ್ಲಿಟ್ಟುಕೊಂಡು ತಿರುಗಿಸಿ ತಿರುಗಿಸಿ ನೋಡಿದರು. ದಂಡವನ್ನು ಬೆಳಕಿಗೆ ಹಿಡಿದು ಉಗುರು ಓಡಿಸಿದರು. ಉಗುರಿಗೆ ಗೀರು ಸಿಕ್ಕಿದರೆ ಹೊಸ ಬುಷ್ ಹಾಕಿಯೂ ಪ್ರಯೋಜನವಿಲ್ಲ, ಆ ಗೀರು ಅದನ್ನೂ ಅರೆದು ಹಾಕುತ್ತದೆ. ಗೀರಿರಲಿಲ್ಲ. ತುಕ್ಕಿನ ಕಲೆಗಳಿದ್ದವು. ನಯವಾದ ಎಮರಿ ಕಾಗದದಲ್ಲಿ ಉಜ್ಜಿ, ಬಟ್ಟೆಯಿಂದ ಒರೆಸಿದಾಗ ದಂಡ ಹೊಳೆಯಿತು.

ಬುಷ್ ಯಾವುದರದಾಗಿರಬೇಕು ಎಂಬುದು ಈ ಕಾರುಗಳನ್ನು ಇಟ್ಟುಕೊಂಡವರ ನಡುವೆ ಮುಗಿಯದ ಚರ್ಚೆ. ಮೂಲದಂತೆ ರಬ್ಬರಿನದೇ ಇರಲಿ ಎನ್ನುವವರಿದ್ದಾರೆ. ಲೇತಿನಲ್ಲಿ ನೈಲಾನ್ ಕಡೆದು ಹಾಕುವವರಿದ್ದಾರೆ. ನೈಲಾನಿಗೆ ಒಂದು ಗುಣವಿದೆ: ಗಾಳಿಯ ತೇವ ಹೀರಿ ಹಿಗ್ಗುತ್ತದೆ. ಬೇಸಿಗೆಯಲ್ಲಿ ಸರಿಯಾಗಿ ಕೂತದ್ದು ಇಲ್ಲಿನ ಒದ್ದೆ ಚಳಿಗಾಲದಲ್ಲಿ ದಂಡವನ್ನು ಹಿಚುಕೀತು. ತೇವ ಅಷ್ಟಾಗಿ ಹೀರದ ಅಸಿಟಾಲ್ ಪ್ಲಾಸ್ಟಿಕ್ಕಿನ ಕಡೆಗೆ ಕೆಲವರು ವಾಲಿರುವುದು ಅದಕ್ಕೇ. ಇನ್ನೂ ಹಿಂದೆ, ಎಂಜಿಯಂಥ ಸ್ಪೋರ್ಟ್ಸ್ ಕಾರುಗಳಲ್ಲಿ ಎಣ್ಣೆಯಲ್ಲಿ ನೆನೆಸಿದ ಉಣ್ಣೆಯ ಫೆಲ್ಟೇ ಬುಷ್ಷಾಗಿತ್ತು. ಗಟ್ಟಿ ಪ್ಲಾಸ್ಟಿಕ್ಕು ಹೆಚ್ಚು ಬಾಳುತ್ತದೆ ನಿಜ. ಆದರೆ ರಸ್ತೆಯ ಪ್ರತಿ ಕಲ್ಲನ್ನೂ ಕೈಗೆ ತಲುಪಿಸುತ್ತದೆ. ಭಾವ ರಬ್ಬರಿನ ಪಕ್ಷ. ಒಂದು ದಿನದ ಅನುಭವದ ನಾನೂ ಈಗ ಅವರ ಕಡೆಯೇ.

“ಅಕ್ಕನ ಹತ್ರ ಬಿಸಿನೀರು ಇಸ್ಕೊಂಡು ಬಾ.” ಅಕ್ಕ ಪಾತ್ರೆಯಲ್ಲಿ ಕುದಿನೀರು ಕೊಟ್ಟಳು, “ಇದನ್ನ ಮತ್ತೆ ಅಡುಗೆಗೆ ತಗೊಳಲ್ಲ, ಅಲ್ಲೇ ಇಟ್ಕೊಳಿ” ಎಂಬ ಮಾತಿನೊಂದಿಗೆ. ಹೊಸ ಬುಷ್ ಎರಡು ನಿಮಿಷ ಅದರಲ್ಲಿ ನೆನೆದು ಮೆತ್ತಗಾಯಿತು. ಅದರ ಮೈಮೇಲೆ ಎರಡು ಪುಟ್ಟ ಮೊಳಕೆಗಳಿವೆ, ಕೊಳವೆಯ ಗೋಡೆಯಲ್ಲಿ ಅವಕ್ಕೆಂದೇ ಎರಡು ತೂತುಗಳಿವೆ. ಮೊಳಕೆ ತೂತಿನೊಳಗೆ ಕೂತರೆ ಮಾತ್ರ ಬುಷ್ ಜಾಗ ಬಿಟ್ಟು ಕದಲುವುದಿಲ್ಲ. ಬುಷ್ಷನ್ನು ಕೋಡುಬಳೆಯ ಹಾಗೆ ಮಡಿಸಿ, ಸಾಬೂನು ನೀರು ಸವರಿ, ಮರದ ಗುಂಡುಕೋಲಿನಿಂದ ಒಳಕ್ಕೆ ನೂಕಿದರು. ಓರೆಯಾಯಿತು, ಹೊರಗೆಳೆದರು. ಮತ್ತೆ ಬಿಸಿನೀರು, ಮತ್ತೆ ಸಾಬೂನು. ಮೂರನೆಯ ಸಲ ಕೊಳವೆಯೊಳಗಿಂದ ‘ಟಪ್’ ಎಂದು ಕೇಳಿತು. ತೂತಿನಲ್ಲಿ ಕಪ್ಪು ಮೊಳಕೆ ಇಣುಕಿತು. ಇನ್ನೊಂದು ಬದಿಯಲ್ಲೂ ‘ಟಪ್’. ಭಾವನ ಮುಖ ನೋಡಬೇಕಿತ್ತು ಆಗ.

ಬ್ರಿಟನ್ನಿನಲ್ಲಿ ವಾಹನಗಳಿಗೆ ಎಂ.ಓ.ಟಿ. ಎಂಬ ವಾರ್ಷಿಕ ತಪಾಸಣೆಯಿದೆ. ಸ್ಟೇರಿಂಗ್ ಹೀಗೆ ಅಲುಗಾಡುತ್ತದೋ ಎಂದು ಅಲ್ಲಿ ಹಿಡಿದು ನೋಡುತ್ತಾರೆ. 2018ರ ಮೇ ತಿಂಗಳಿಂದ, ಹೆಚ್ಚು ಮಾರ್ಪಾಡಾಗದ ನಲವತ್ತು ವರ್ಷ ದಾಟಿದ ಕಾರುಗಳಿಗೆ ಅದರಿಂದ ವಿನಾಯಿತಿ ಸಿಕ್ಕಿದೆ. ಎಂದರೆ ಇಂದು ಹೆಚ್ಚು ಮಾರ್ಪಾಡಾಗದ ಯಾವ ಸ್ಪಿಟ್‌ಫೈರನ್ನೂ ಸರಕಾರ ಕರೆದು ಪರೀಕ್ಷಿಸುವುದಿಲ್ಲ. ಕಾರಿನ ಯಜಮಾನನ ಕೈಯೇ ಪರೀಕ್ಷಕ. ನನಗೆ ಈ ವಿನಾಯಿತಿ ಒಪ್ಪಿಗೆಯಾಗಲಿಲ್ಲ. ಭಾವನಿಗೂ ಆಗಿಲ್ಲ, ಬೇಕಿಲ್ಲದಿದ್ದರೂ ಪ್ರತಿ ವರ್ಷ ದುಡ್ಡು ಕೊಟ್ಟು ತಪಾಸಣೆ ಮಾಡಿಸುತ್ತಾರೆ. ಇಂಥ ಯಜಮಾನರ ನೆರವಿಗೆ ಇಲ್ಲಿ ಹಳೆಯ ಕಾರುಗಳ ಸಂಘಗಳಿವೆ. ಸ್ಪಿಟ್‌ಫೈರ್, ಹೆರಾಲ್ಡ್ ಬಳಗಕ್ಕೆ 1977ರಿಂದಲೂ ಟ್ರಯಂಫ್ ಸ್ಪೋರ್ಟ್ಸ್ ಸಿಕ್ಸ್ ಕ್ಲಬ್ ಇದೆ. ಬಿಸ್ಟರ್‌ನ ಹಳೆಯ ವಾಯುನೆಲೆಯಲ್ಲಿ ಎಳೆಯರಿಗೆ ಹಳೆಯ ಕಾರು ರಿಪೇರಿಯ ಕಸುಬು ಕಲಿಸುವ ಶಾಲೆಯೂ ಇದೆ. ನನ್ನನ್ನು ಕೇಳಿದರೆ, ಹೊಸಬರ ಕೈಗೆ ಮೊದಲ ದಿನ ಕೊಡಬೇಕಾದದ್ದು ಸವೆದ ಬುಷ್ಷಿನ ಸ್ಟೇರಿಂಗನ್ನೇ.

ಮಧ್ಯಾಹ್ನದ ಊಟ ಮುಗಿಸಿ ಜೋಡಣೆಗೆ ಕೂತೆವು. ಭಾವ ಬ್ರಾಕೆಟ್ಟುಗಳನ್ನು ಅರ್ಧ ಮಾತ್ರ ಬಿಗಿದು, ಸ್ಟೇರಿಂಗನ್ನು ಈ ತುದಿಯಿಂದ ಆ ತುದಿಗೆ ನಾಲ್ಕೈದು ಸಲ ತಿರುಗಿಸಿದರು. ಕೊಳವೆ ತನಗೆ ಬೇಕಾದ ಜಾಗ ತಾನೇ ಹುಡುಕಿಕೊಳ್ಳಲಿ ಎಂದು. ಆಮೇಲೆ ಪೂರ್ತಿ ಬಿಗಿತ. ಕ್ಲಾಂಪಿನ ಅಲೆನ್ ಸ್ಕ್ರೂ, ಅದರ ಲಾಕ್‌ನಟ್ ಎರಡನ್ನೂ ಮೊದಲು ಅವರು ನೋಡಿ, ಆಮೇಲೆ ನನ್ನ ಕೈಯಲ್ಲಿ ಇನ್ನೊಮ್ಮೆ ನೋಡಿಸಿದರು. ಬಿಳಿ ಚುಕ್ಕೆಗಳು ಎದುರುಬದುರು ಬಂದವು. ನಾನು ಸ್ಟೇರಿಂಗ್ ಹಿಡಿದು ಮೇಲೆ ಕೆಳಗೆ ಆಡಿಸಿದೆ. ಏನೂ ಇಲ್ಲ. ಕಾರು ಇಡಿಯಾಗಿ ಸ್ಪ್ರಿಂಗಿನ ಮೇಲೆ ತುಯ್ದಾಡಿತೇ ಹೊರತು ಸ್ಟೇರಿಂಗ್ ಕದಲಲಿಲ್ಲ.

ಬ್ಯಾಟರಿಯ ವೈರು ಮತ್ತೆ ಜೋಡಿಸಿದ ಮೇಲೆ ಹಾರನ್ ಒತ್ತಿದೆ. ಸದ್ದಿಲ್ಲ.

ಭಾವ ಒಂದು ಕ್ಷಣ ಸುಮ್ಮನಿದ್ದು, “ಅರ್ಥು” ಎಂದರು. ಈ ಕಾರಿನಲ್ಲಿ ಹಾರನ್ನಿನ ಕರೆಂಟು ಸ್ಟೇರಿಂಗಿನ ದಂಡದ ಮೂಲಕವೇ ಇಳಿದು ಬಾಡಿ ಸೇರಬೇಕು. ಆದರೆ ಮೇಲೆ ಕೆಳಗೆ ರಬ್ಬರಿನ ಬುಷ್ಷು, ತುದಿಯಲ್ಲಿ ರಬ್ಬರಿನ ಕಪ್ಲಿಂಗು. ಅದಕ್ಕೆಂದೇ ಕಪ್ಲಿಂಗನ್ನು ದಾಟಿಸುವ ಒಂದು ಗೇಣಿಗಿಂತ ಚಿಕ್ಕ ವೈರಿರುತ್ತದೆ. ಬಾನೆಟ್ ಮಗುಚಿ ಬಗ್ಗಿ ನೋಡಿದರೆ ಅದು ಒಂದು ತುದಿಯಲ್ಲಿ ಜೋತಾಡುತ್ತಿತ್ತು. ಸ್ಕ್ರೂ ಬಿಗಿದರು.

“ಈಗ ಒತ್ತು.”

ಒತ್ತಿದೆ. ಅಡುಗೆಮನೆಯ ಕಿಟಕಿ ತೆರೆದು ಅಕ್ಕ ಕೂಗಿದಳು, “ಆಯ್ತೇನ್ರೋ? ಬಂದೆ ಇರಿ, ನಾನೂ ಒಂದು ರೌಂಡ್ ಬರ್ತೀನಿ.”

ಎರಡೇ ಸೀಟಿನ ಕಾರು. ನಾನು ಇಳಿದು ಅವಳಿಗೆ ಬಾಗಿಲು ತೆಗೆದೆ.